ನಿಧಾನ ನಡೆಯುವವರ ದಸರೆ

ಹೊರಗಿನವರಿಗೆ ಮೈಸೂರು ದಸರೆ ಎಂದರೆ ವಿಜಯದಶಮಿಯ ಜಂಬೂಸವಾರಿ, ಅರಮನೆಯ ದೀಪ, ಬನ್ನಿಮಂಟಪದ ಪಂಜಿನ ಕವಾಯತು. ಇದೇ ಊರಿನಲ್ಲಿ ಹುಟ್ಟಿ, ಇಲ್ಲೇ ಮದುವೆಯಾಗಿ, ಇಲ್ಲೇ ಮೊಮ್ಮಕ್ಕಳನ್ನು ಕಂಡ ನನಗೆ ದಸರೆ ಶುರುವಾಗುವುದು ರಾಗಿ ಚೆಲ್ಲುವುದರಿಂದ. ಮಹಾಲಯ ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗಲೇ ನಮ್ಮವರು ಹಿತ್ತಲಿನಿಂದ ಕೆಮ್ಮಣ್ಣು ತಂದು, ಗೊಬ್ಬರ ಬೆರೆಸಿ, ಅಗಲ ತಟ್ಟೆಗಳಿಗೆ ತೆಳ್ಳಗೆ ಹರಡುತ್ತಾರೆ. ನಾನು ರಾತ್ರಿಯೆಲ್ಲ ನೆನೆದ ರಾಗಿಯನ್ನು ಒತ್ತೊತ್ತಾಗಿ ಚೆಲ್ಲುತ್ತೇನೆ. ಬೆಳಗ್ಗೆ ಸಂಜೆ ಕೈಯಲ್ಲೇ ನೀರು ಚಿಮುಕಿಸಬೇಕು, ಸುರಿದರೆ ಕಾಳು ಒಂದು ಕಡೆ ಸೇರಿಬಿಡುತ್ತದೆ. ಪಾಡ್ಯದ ಹೊತ್ತಿಗೆ ತಟ್ಟೆಯ ತುಂಬ ಬೆರಳುದ್ದದ ಹಸಿರು. ಗೊಂಬೆ ಮೆಟ್ಟಿಲ ಕೆಳಗೆ ನಾವು ಮಾಡುವ ಹೊಲ, ಪಾರ್ಕು, ಕಾಡು ಎಲ್ಲವೂ ಆ ಹಸಿರಿನಲ್ಲೇ ಆಗಬೇಕು.

ಗೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲಿಗೆ ನಿಯಮ ಜಾಸ್ತಿ. ಪಟ್ಟದ ರಾಜ ರಾಣಿ ಅಲ್ಲೇ ಕೂರಬೇಕು, ಕಲಶ ಅಲ್ಲೇ ಇರಬೇಕು, ಮೆಟ್ಟಿಲು ಬೆಸಸಂಖ್ಯೆಯಲ್ಲೇ ಆಗಬೇಕು. ನನ್ನ ಪಟ್ಟದ ಗೊಂಬೆಗಳು ಅಮ್ಮ ಮದುವೆಯಲ್ಲಿ ಕೊಟ್ಟವು, ಮರದವು. ರಾಣಿಯ ಮೂಗಿನ ತುದಿ ಸವೆದಿದೆ. ಪ್ರತಿ ವರ್ಷ ಅವಕ್ಕೆ ಹೊಸ ರೇಷ್ಮೆಯ ತುಂಡು ಉಡಿಸುವಾಗ ಹಳೆಯದನ್ನು ಪೂರ್ತಿ ತೆಗೆಯುವುದಿಲ್ಲ, ಅದರ ಮೇಲೇ ಉಡಿಸುತ್ತೇನೆ. ಒಳಗೆ ಎಲ್ಲಕ್ಕಿಂತ ಕೆಳಗಿರುವುದು ಅಮ್ಮ ಉಡಿಸಿದ ಹಸಿರು ಬಟ್ಟೆ.

ಕೆಳಗಿನ ಮೆಟ್ಟಿಲು ಮತ್ತು ನೆಲ ಮಾತ್ರ ಮಕ್ಕಳದ್ದು. ಶೆಟ್ಟಿ, ಶೆಟ್ಟಮ್ಮನ ಅಂಗಡಿಗೆ ಅಕ್ಕಿ, ಬೇಳೆ, ಬೆಲ್ಲ ತುಂಬುವುದು ಅವರು. ಮದುವೆ ದಿಬ್ಬಣ, ಕ್ರಿಕೆಟ್ ಮ್ಯಾಚು, ಜಂಬೂಸವಾರಿ ಜೋಡಿಸುವುದು ಅವರು. ಮೂಲೆಯಲ್ಲಿ ಒಂದು ಜೂ ಇರಲೇಬೇಕು. ನಮ್ಮ ಮಕ್ಕಳು ಚಿಕ್ಕವರಾಗಿದ್ದಾಗ ಚನ್ನಪಟ್ಟಣದ ಮರದ ಆನೆ, ಕೊಂಡಪಲ್ಲಿಯ ಹುಲಿ, ಜಾತ್ರೆಯಲ್ಲಿ ಕೊಂಡ ಮಣ್ಣಿನ ಗಿಳಿ ಇಟ್ಟು ಶುರುಮಾಡಿದ್ದು ಅದು. ಈಗ ಪ್ಲಾಸ್ಟಿಕ್ಕಿನ ಜೀಬ್ರಾ, ರಬ್ಬರಿನ ಮೊಸಳೆ ಎಲ್ಲ ಸೇರಿಕೊಂಡಿವೆ. ಅಳತೆಗೆ ಅಳತೆ ಕೂಡುವುದಿಲ್ಲ. ಗಿಳಿ ಆನೆಗಿಂತ ದೊಡ್ಡದು. ಆದರೂ ಸಂಜೆ ಆರತಿಗೆ ಬರುವ ಹೆಂಗಸರು ರಾಜ ರಾಣಿಗೆ ಕೈ ಮುಗಿದ ಮೇಲೆ ಬಗ್ಗಿ ನೋಡುವುದು ಆ ಮೂಲೆಯನ್ನೇ.

ದಸರೆ ರಜ ಬಂತೆಂದರೆ ಬೆಂಗಳೂರಿನಿಂದ ಮಗಳ ಸಂಸಾರ, ಪುಣೆಯಿಂದ ಮಗನ ಸಂಸಾರ ಬಂದಿಳಿಯುತ್ತದೆ. ಮನೆ ತುಂಬುತ್ತದೆ. ತುಂಬಿದ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡುವುದು ಎಷ್ಟು ಕಷ್ಟ ಎಂಬುದನ್ನು ಹಬ್ಬ ಮಾಡುವ ಹೆಂಗಸರಿಗೆ ಬೇರೆ ಹೇಳಬೇಕಾಗಿಲ್ಲ. ನಾನು ಒಲೆಯ ಮುಂದೆ. ಸೊಸೆ ಕೊಬ್ಬರಿ ಮಿಠಾಯಿಯ ಪಾಕದ ಮುಂದೆ, ಅದು ಒಂದೆಳೆಗೆ ಬಂತೆ ಎಂದು ಕಣ್ಣು ಕೀಲಿಸಿಕೊಂಡು. ಮಗಳು ಫೋನಿನಲ್ಲಿ ಯಾರನ್ನೋ ಅರಿಶಿನ ಕುಂಕುಮಕ್ಕೆ ಕರೆಯುತ್ತ. ಗಂಡಸರು ದೀಪದ ಸರ, ಏಣಿ, ವೈರು ಎಂದು ಓಡಾಡುತ್ತ. ಮಕ್ಕಳ ದನಿ ಮಾತ್ರ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹಾದುಹೋಗುತ್ತಿರುತ್ತದೆ. ದಿನವಿಡೀ ಎಲ್ಲರೂ ಜೊತೆಗಿದ್ದರು, ಸರಿ. ಆದರೆ ಯಾವ ಮಗುವಿಗೆ ಹಲ್ಲು ಬಿದ್ದಿದೆ, ಯಾವುದು ಎತ್ತರ ಬೆಳೆದಿದೆ ಎಂಬುದು ಹಾಸಿಗೆ ಹಾಸುವಾಗ ಹೊಳೆಯುತ್ತದೆ.

ಅದಕ್ಕೇ ನವರಾತ್ರಿಯ ನಡುವೆ ಒಂದು ದಿನ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಎಲ್ಲರೂ ಜೂಗೆ ಹೋಗುವುದು ನಮ್ಮ ಮನೆಯ ಪದ್ಧತಿ. ನನ್ನ ಅಪ್ಪ ನಮ್ಮನ್ನು ಹೀಗೇ ಕರೆದುಕೊಂಡು ಹೋಗುತ್ತಿದ್ದರು. ನೈವೇದ್ಯಕ್ಕೆ ಮಾಡಿದ ಪುಳಿಯೋಗರೆ, ಮೊಸರನ್ನ, ಕಡಲೆ ಉಸಲಿ ಡಬ್ಬಿಗಳಲ್ಲಿ ತುಂಬಿಟ್ಟರೆ ಬುತ್ತಿ ಸಿದ್ಧ. ಮಾಮೂಲಿಗೆ ಮಂಗಳವಾರ ಜೂಗೆ ರಜ. ದಸರೆಯಲ್ಲಿ ಆ ರಜವನ್ನೂ ಬಿಟ್ಟು ತೆರೆಯುವುದುಂಟು. ವಿಜಯದಶಮಿಯ ಆಚೀಚೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊರ ಜಿಲ್ಲೆಗಳ ಬಸ್ಸುಗಳು ಇಟ್ಟಿಗೆಗೂಡಿನ ರಸ್ತೆಯುದ್ದಕ್ಕೂ ನಿಂತಿರುತ್ತವೆ. ನವರಾತ್ರಿಯ ಮೊದಲ ದಿನಗಳಲ್ಲಿ, ಬೆಳಗ್ಗೆ ಎಂಟೂವರೆಗೆ ಗೇಟು ತೆಗೆಯುವ ಹೊತ್ತಿಗೇ ಹೋದರೆ ಮರಗಳ ಕೆಳಗೆ ಇನ್ನೂ ತಂಪು ಇರುತ್ತದೆ, ಪ್ರಾಣಿಗಳೂ ಚುರುಕಾಗಿರುತ್ತವೆ.

ಈ ಜೂ ಶುರುವಾಗಿದ್ದು 1892ರಲ್ಲಿ. ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಆಗ ಮೂವತ್ತು ತುಂಬಿರಲಿಲ್ಲ. ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಅರಮನೆಯ ಮೃಗಾಲಯವಾಗಿ ಇದನ್ನು ಆರಂಭಿಸಿ ಎರಡು ವರ್ಷಕ್ಕೆ, 1894ರಲ್ಲಿ, ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. 1909ರಲ್ಲಿ ಮೃಗಾಲಯಕ್ಕೆ ಅವರ ಹೆಸರಿಟ್ಟರು. ಲಾಲ್‌ಬಾಗಿನ ಜೊತೆ ಹೆಸರು ಸೇರಿರುವ ಕ್ರುಂಬಿಗಲ್ ಅವರ ಕೈ ಇಲ್ಲಿಯ ತೋಟದ ಮೇಲೂ ಆಡಿದೆ. ಜೂ ನೋಡಲು ಬಂದವರು ಪ್ರಾಣಿಗಳನ್ನಷ್ಟೇ ಎಣಿಸಿಕೊಂಡು ಹೋಗುತ್ತಾರೆ. ಇಲ್ಲಿಯ ಹಳೆಯ ಮರಗಳನ್ನೂ ತಲೆ ಎತ್ತಿ ನೋಡಬೇಕು. ಅಪ್ಪ ನಮ್ಮನ್ನು ಕೂರಿಸುತ್ತಿದ್ದ ಮಳೆಮರದ ಕೆಳಗೇ ನನ್ನ ಮೊಮ್ಮಕ್ಕಳು ಕೂತು ನೀರು ಕುಡಿಯುತ್ತಾರೆ. ಅರಸರ ಕಾಲದಿಂದ ಬಂದ ಎಷ್ಟೋ ಸಂಗತಿಗಳ ಬಗ್ಗೆ ಈಗ ಎರಡು ಮಾತಿದೆ, ಇರಲಿ. ಅರಮನೆಯ ಖುಷಿಗೆ ಹುಟ್ಟಿದ ತೋಟ ಊರಿನ ಎಲ್ಲ ಮಕ್ಕಳದ್ದಾಯಿತಲ್ಲ, ಅದಕ್ಕೆ ಮಾತ್ರ ನಾನು ಮನಸಾರೆ ಋಣಿ.

ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಮುಗಿದ ಕೂಡಲೇ ನಮ್ಮ ಗುಂಪು ತಾನಾಗಿಯೇ ಒಡೆಯುತ್ತದೆ. ದೊಡ್ಡ ಮೊಮ್ಮಗ, ಅವನಪ್ಪ, ನಮ್ಮ ಅಳಿಯಂದಿರು ಮುಂದೆ. ಅವರಿಗೆ ಹುಲಿ ಬೇಕು, ಸಿಂಹ ಬೇಕು, ಬಿಳಿ ಹುಲಿ ಬೇಕು. ನಡುವೆ ಮಗಳು, ಸೊಸೆ. ಎಲ್ಲರ ಹಿಂದೆ ನಾನು ಮತ್ತು ಮಗನ ಕಿರಿಯವಳು, ಪುಟ್ಟಿ.

"ಅತ್ತೆ, ಬ್ಯಾಟರಿ ಗಾಡಿ ಇದೆ, ನೀವೂ ಮಾವನೂ ಅದರಲ್ಲೇ ಕೂತ್ಕೊಂಡುಬಿಡಿ. ಮಂಡಿಗೆ ಕಷ್ಟ ಆಗಲ್ಲ" ಎಂದರು ಅಳಿಯಂದಿರು. ಅವರದು ಒಳ್ಳೆಯ ಮನಸ್ಸು. ನಮ್ಮವರು ಕೂತರು. ನನಗೆ ನಡೆಯಬೇಕಾಗಿತ್ತು.

"ನಾನು ಪುಟ್ಟಿ ಜೊತೆ ಬರ್ತೀನಿ, ನೀವು ಹೊರಡಿ" ಎಂದೆ.

ಮಂಡಿ ನೋವಿರುವ ಅಜ್ಜಿಯ ಹೆಜ್ಜೆಗೂ ನಾಲ್ಕು ವರ್ಷದ ಮಗುವಿನ ಹೆಜ್ಜೆಗೂ ವೇಗ ಒಂದೇ. ಇದು ಮನೆಯೊಳಗೆ ಗೊತ್ತಾಗುವುದಿಲ್ಲ. ಮಗು ಅಲ್ಲಿ ಓಡುತ್ತದೆ, ನಾನು ಕೂತಿರುತ್ತೇನೆ. ಜೂನ ಉದ್ದ ದಾರಿಯಲ್ಲಿ ಅದು ಚೆನ್ನಾಗಿ ತಿಳಿಯುತ್ತದೆ. ಅವಳಿಗೆ ಪ್ರತಿಯೊಂದಕ್ಕೂ ನಿಲ್ಲಬೇಕು, ನನಗೂ ನಿಲ್ಲಬೇಕು. ಅವಳು ಕಂಬಿಯ ಸಂದಿನಿಂದ ನೋಡಲು ಕೂರುತ್ತಾಳೆ, ಅಲ್ಲೇ ಇರುವ ಕಲ್ಲುಬೆಂಚಿನ ಮೇಲೆ ನಾನೂ ಕೂರುತ್ತೇನೆ. ಮೃಗಾಲಯವನ್ನು ನಿಜವಾಗಿ ನೋಡುವವರು ಇಂಥ ಜೊತೆಗಳೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮುಂದೆ ಹೋದವರು ಹುಲಿ ಎಲ್ಲಿ, ಕಾಣಿಸ್ತಾ, ಫೋಟೋ ಬಂತಾ ಎಂದು ಕೇಳಿಕೊಂಡು ಮುಂದಿನದಕ್ಕೆ ಹೊರಟಿರುತ್ತಾರೆ. ಹುಲಿ ಮಲಗಿದ್ದರೆ ಅವರಿಗೆ ಬೇಸರ. ಮಲಗಿದ ಹುಲಿಯ ಕಿವಿ ನೊಣ ಕೂತಾಗಲೆಲ್ಲ ಹೇಗೆ ಒಂದೇ ಒಂದು ಸಲ ಅದುರುತ್ತದೆ ಎಂಬುದನ್ನು ನೋಡಲು ಹಿಂದೆ ಉಳಿದವರಿಗೇ ಪುರುಸೊತ್ತು.

ಪುಟ್ಟಿ ಅವತ್ತು ಪಟ್ಟು ಹಿಡಿದು ನಿಂತದ್ದು ಜಿರಾಫೆಯ ಮುಂದೆ. ಮೈಸೂರಿನ ಜೂ ಜಿರಾಫೆಗಳಿಗೆ ಹೆಸರುವಾಸಿ. ಇಲ್ಲಿ ಹುಟ್ಟಿದ ಮರಿಗಳು ಬೇರೆ ಊರಿನ ಮೃಗಾಲಯಗಳಿಗೂ ಹೋಗಿವೆ. ಎತ್ತರದಲ್ಲಿ ಕಟ್ಟಿದ್ದ ಸೊಪ್ಪಿನ ಕಂತೆಯ ಹತ್ತಿರ ಒಂದು ಜಿರಾಫೆ ತಿನ್ನುತ್ತ ನಿಂತಿತ್ತು. ಮೊದಲು ತುಟಿಯಿಂದ ಎಲೆಯನ್ನು ಮುಟ್ಟಿ ನೋಡಿತು. ಆಮೇಲೆ ನಾಲಿಗೆ ಹೊರಗೆ ಬಂತು. ಬಂತು, ಬಂತು, ಇನ್ನೂ ಬಂತು. ಮೊಳದುದ್ದ ಎಂದರೆ ಉತ್ಪ್ರೇಕ್ಷೆಯಲ್ಲ. ನೇರಳೆ ಹಣ್ಣು ತಿಂದ ಮಗುವಿನ ನಾಲಿಗೆಯ ಬಣ್ಣ. ಅದು ಕಡ್ಡಿಯನ್ನು ಸುತ್ತಿ ಹಿಡಿದು ಕೆಳಕ್ಕೆ ಜಾರಿತು, ಎಲೆಗಳಷ್ಟೇ ಬಾಯಿಗೆ ಬಂದವು, ಬರಿಯ ಕಡ್ಡಿ ಮೇಲೇ ಉಳಿಯಿತು. ಜಗಿದು ನುಂಗಿದ್ದು ಆ ಉದ್ದ ಕತ್ತಿನಲ್ಲಿ ಇಳಿಯಿತು. ಸ್ವಲ್ಪ ಹೊತ್ತಿಗೆ ಒಂದು ಉಂಡೆ ಅದೇ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಏರುವುದೂ ಚರ್ಮದ ಮೇಲೆ ಕಾಣಿಸಿತು.

"ಅಜ್ಜಿ, ವಾಪಸ್ ಬಂತು!" ಎಂದಳು ಪುಟ್ಟಿ.

"ಹಸು ಮೆಲುಕು ಹಾಕಲ್ವಾ ಕಂದ, ಇದೂ ಹಾಗೇನೆ."

ಇನ್ನೊಂದು ಇಳಿಯಲಿ, ಇನ್ನೊಂದು ಏರಲಿ ಎಂದು ಅವಳು ಕಾದಳು. ನಾನೂ ಕಾದೆ. ಅಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಮಗಳ ಮಗಳು ಬಂದಳು. ಆರನೆಯ ಕ್ಲಾಸು, ಓದುವ ಹುಡುಗಿ. "ಅಜ್ಜಿ, ಜಿರಾಫೆ ಕತ್ತಲ್ಲಿ ಎಷ್ಟು ಮೂಳೆ ಇರುತ್ತೆ ಹೇಳಿ ನೋಡೋಣ? ಏಳೇ. ನಮಗೂ ಏಳೇ" ಎಂದಳು. ನಾನು ಪುಟ್ಟಿಯ ಜಡೆ ಸರಿಸಿ ಕತ್ತಿನ ಹಿಂದೆ ಬೆರಳಿಟ್ಟೆ. ಬುಡದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು, ಮೇಲಿನವು ಮೆತ್ತನೆಯ ಚರ್ಮದೊಳಗೆ ಅಡಗಿದ್ದವು. ಅವಳು ಕಚಗುಳಿಯಾಗಿ ಹೆಗಲು ಕುಗ್ಗಿಸಿ ನಕ್ಕಳು, ಆಮೇಲೆ ಜಿರಾಫೆಯ ಕಡೆ ಬೊಟ್ಟು ಮಾಡಿ, "ಅದಕ್ಕೂ ಹೀಗೇ ಮಾಡಿ" ಎಂದಳು. ದೊಡ್ಡವಳು ಪುಸ್ತಕದಲ್ಲಿ ಓದಿದ್ದು, ಚಿಕ್ಕವಳು ಮೈಯಲ್ಲಿ ಅರಿತದ್ದು, ಕಣ್ಣೆದುರಿಗೆ ನಿಂತ ಆ ಎತ್ತರದ ಜೀವ, ಮೂರೂ ಒಂದೇ ಗಳಿಗೆಯಲ್ಲಿ ನನ್ನ ಕೈಗೆ ಸಿಕ್ಕವು. ಹಬ್ಬದ ಅಡುಗೆಮನೆಯಲ್ಲಿ ಅಂಥ ಗಳಿಗೆ ನನಗೆ ದೊರೆತಿರಲಿಲ್ಲ.

ಆನೆಗಳ ಹತ್ತಿರ ನಮ್ಮವರು ಗಾಡಿಯಿಂದಿಳಿದು ಕಾಯುತ್ತಿದ್ದರು. ಮಕ್ಕಳೆಲ್ಲ ಅಲ್ಲಿ ಒಟ್ಟಾಗಿದ್ದರು. ದಸರೆಯಲ್ಲಿ ಅಂಬಾರಿ ಹೊರುವ ಆನೆ ಇದೇನಾ ಎಂದು ದೊಡ್ಡ ಮೊಮ್ಮಗ ಕೇಳಿದ. ಪುಣೆಯಲ್ಲಿ ಬೆಳೆಯುವ ಹುಡುಗನಿಗೆ ಅದು ಸಹಜವಾದ ಪ್ರಶ್ನೆ. ತಾತ ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ದಸರೆಯ ಆನೆಗಳು ಕಾಡಿನಂಚಿನ ಶಿಬಿರಗಳಿಂದ ಬರುತ್ತವೆ. ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಹೊರಡಿಸುತ್ತಾರೆ. ಅರಮನೆಯ ಅಂಗಳದಲ್ಲಿ ಅವು ವಾರಗಟ್ಟಲೆ ಬಿಡಾರ ಹೂಡುತ್ತವೆ. ಅಲ್ಲಿ ಅವಕ್ಕೆ ಉದ್ದು, ಗೋಧಿ, ಅಕ್ಕಿ ಬೇಯಿಸಿ ಬೆಣ್ಣೆ ಸೇರಿಸಿ ಕೊಡುತ್ತಾರೆ, ಭತ್ತದ ಹುಲ್ಲಿನೊಳಗೆ ಕಾಯಿ, ಬೆಲ್ಲ, ಭತ್ತ ಇಟ್ಟು ಸುತ್ತಿ ಕಟ್ಟಿದ ಕುಸುರೆ ತಿನ್ನಿಸುತ್ತಾರೆ. ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದಕ್ಕೆಂದು ಮೊದಲು ಮರಳುಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ತಾಲೀಮು. ಬಲರಾಮ, ಅರ್ಜುನ, 2020ರಿಂದ ಅಭಿಮನ್ಯು ಎಂದು ಅವರು ಹೆಸರು ಹೇಳಿಕೊಂಡು ಹೋದರು. ಮೈಸೂರಿನ ಮನೆಗಳಲ್ಲಿ ಈ ಹೆಸರುಗಳು ನೆಂಟರ ಹೆಸರುಗಳ ಜೊತೆ ಬೆರೆತುಹೋಗಿವೆ. 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಅರ್ಜುನ ಸತ್ತ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಅವನಿಗೆ ಇಷ್ಟ ಇತ್ತಾ ತಾತ, ಅಂಬಾರಿ ಹೊರೋದು?" ಎಂದ ಮೊಮ್ಮಗ.

ನಮ್ಮವರು ತಟ್ಟನೆ ಉತ್ತರ ಕೊಡಲಿಲ್ಲ. "ಮಾವುತನ ಮೇಲೆ ಇಷ್ಟ ಇತ್ತು. ಅವನಿಗೋಸ್ಕರ ಹೊರ್ತಿದ್ದ" ಎಂದರು ಕೊನೆಗೆ. ಆ ಉತ್ತರ ನನಗೆ ಒಪ್ಪಿಗೆಯಾಯಿತು. ಮಕ್ಕಳ ಇಂಥ ಪ್ರಶ್ನೆಗೆ ಹಬ್ಬದ ವೈಭವ ಹೇಳಿ ಬಾಯಿ ಮುಚ್ಚಿಸಬಾರದು. ಎದುರಿಗಿದ್ದ ಆನೆ ಅಷ್ಟರಲ್ಲಿ ಸೊಂಡಿಲ ತುದಿಯಲ್ಲಿ ಒಣಮಣ್ಣು ಗುಡ್ಡೆ ಮಾಡಿ, ಎತ್ತಿ ಬೆನ್ನಿನ ಮೇಲೆ ತೂರಿಕೊಂಡಿತು. ಯಾರದೋ ಬಿಳಿ ಅಂಗಿಯ ಮೇಲೂ ಧೂಳು ಬಿತ್ತು, ಮಕ್ಕಳು ಕುಣಿದರು.

ಗೊರಿಲ್ಲಾಗಳ ಹತ್ತಿರ ಬಂದಾಗ ಮಗಳು ಸುಮ್ಮನಾದಳು. ಅವಳು ಹುಡುಗಿಯಾಗಿದ್ದಾಗ, 1995ರಲ್ಲಿ, ಡಬ್ಲಿನ್ನಿನಿಂದ ಪೋಲೊ ಇಲ್ಲಿಗೆ ಬಂದಿತ್ತು. ರಜ ಬಂದರೆ ಅವಳಿಗೆ ಪೋಲೊ ನೋಡಬೇಕು. ಎಷ್ಟೋ ವರ್ಷ ಅದು ಇಲ್ಲಿ ಒಂಟಿಯಾಗಿತ್ತು, ದೇಶದಲ್ಲೇ ಅದರ ಜಾತಿಯದು ಬೇರೊಂದಿರಲಿಲ್ಲ. ಕೈ ಕಟ್ಟಿ ಕೂತು ಜನರನ್ನು ನೋಡುತ್ತಿತ್ತು. ಮದುವೆಯಾಗಿ ಹೋದ ಮೇಲೂ ಮಗಳು ಫೋನಿನಲ್ಲಿ ಒಮ್ಮೊಮ್ಮೆ, "ಪೋಲೊ ಹೇಗಿದೆಯಮ್ಮ?" ಎಂದು ಕೇಳುತ್ತಿದ್ದಳು. 2014ರಲ್ಲಿ ಅದು ಸತ್ತಾಗ ಪತ್ರಿಕೆಯ ತುಣುಕು ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಅಷ್ಟು ವರ್ಷ ಒಂದು ಜೀವವನ್ನು ಜೊತೆಯಿಲ್ಲದೆ ಇರಿಸಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಅದನ್ನು ಪ್ರೀತಿಯಿಂದ ನೋಡಿಕೊಂಡವರಿಗೂ ಆ ನೋವು ಇದ್ದೇ ಇರಬೇಕು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಬಂದವು. ಎರಡು ಬಂದವು ಎಂಬುದೇ ದೊಡ್ಡ ಸಮಾಧಾನ. ನಾವು ನೋಡುವಾಗ ಒಂದು ಹುಲ್ಲಿನ ಮೇಲೆ ಅಂಗಾತ ಮಲಗಿತ್ತು, ಇನ್ನೊಂದು ತುಸು ದೂರದಲ್ಲಿ ಕಡ್ಡಿಯ ಸಿಪ್ಪೆ ಸುಲಿಯುತ್ತಿತ್ತು. ಮಗಳು ತನ್ನ ಮಗಳಿಗೆ ಪೋಲೊ ಕೂರುತ್ತಿದ್ದ ರೀತಿಯನ್ನು ಕೈ ಕಟ್ಟಿ ತೋರಿಸಿದಳು. ಆ ಗಳಿಗೆಯಲ್ಲಿ ಅವಳ ಮುಖ ಪೂರ್ತಿ ಹತ್ತು ವರ್ಷದ ಹುಡುಗಿಯದಾಗಿತ್ತು. ವರ್ಷಕ್ಕೊಮ್ಮೆಯಾದರೂ ನನಗೆ ಆ ಮುಖ ಕಾಣಬೇಕು.

ಪಂಜರಗಳ ಪಕ್ಕ ದತ್ತು ಪಡೆದವರ ಹೆಸರಿನ ಫಲಕಗಳಿರುತ್ತವೆ. ಸಣ್ಣ ಹಕ್ಕಿಯಿಂದ ಆನೆಯವರೆಗೆ ಯಾವುದಾದರೊಂದರ ಖರ್ಚನ್ನು ಇಷ್ಟು ಕಾಲಕ್ಕೆ ಎಂದು ವಹಿಸಿಕೊಳ್ಳಬಹುದು. ಊರಿನ ಜನ ಹುಟ್ಟುಹಬ್ಬಕ್ಕೆ, ಹಿರಿಯರ ನೆನಪಿಗೆ ಹೀಗೆ ಮಾಡುತ್ತಾರೆ. ಸೊಸೆ ಈ ಫಲಕಗಳನ್ನೆಲ್ಲ ಓದಿಕೊಂಡು ಬಂದಳು. "ಅತ್ತೆ, ಈ ಸಲ ಗೊಂಬೆ ಆರತಿಗೆ ಬಂದ ದುಡ್ಡಲ್ಲಿ ಮಕ್ಕಳ ಕೈಲಿ ಒಂದು ಹಕ್ಕಿಗೆ ಕಟ್ಟಿಸೋಣ್ವಾ?" ಎಂದಳು. ಪಾಕ ಒಂದೆಳೆಗೆ ಬಂತೆ ಎಂದು ನೋಡುತ್ತಿದ್ದ ಆ ಕಣ್ಣುಗಳಲ್ಲಿ ಇಂಥದೊಂದು ಯೋಚನೆ ಇತ್ತೆಂದು ತಿಳಿಯಲು ನಾವಿಬ್ಬರೂ ಮನೆಯಿಂದ ಹೊರಗೆ ಬರಬೇಕಾಯಿತು. ಹಾಗೇ ಮಾಡೋಣ ಎಂದೆ.

ಸಿಂಗಳೀಕಗಳ ಹತ್ತಿರ ನಮ್ಮವರು ಬಹಳ ಹೊತ್ತು ನಿಂತರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅವು ಕಾಡಿನಲ್ಲಿಲ್ಲ. ಅವರ ಸೋದರತ್ತೆಯ ಮನೆ ಸಿದ್ದಾಪುರದ ಕಡೆ, ಅಘನಾಶಿನಿಯ ಕಾಡಿಗೆ ಹತ್ತಿರ. ಬಾಲ್ಯದಲ್ಲಿ ಅಲ್ಲಿ ಕೇಳಿದ ಕೂಗನ್ನು ಮಕ್ಕಳಿಗೆ ಅನುಕರಿಸಿ ತೋರಿಸಿದರು. ಒಳಗಿದ್ದ ಗಂಡು ಸಿಂಗಳೀಕ ತಿರುಗಿ ನೋಡಿತು.

ಹೊರಗೆ ಬಂದು ಮರದ ನೆರಳಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. ನಡೆದು ದಣಿದವರಿಗೆ ಪುಳಿಯೋಗರೆಯ ರುಚಿಯೇ ಬೇರೆ. ಎದುರಿನ ಗಾಡಿಯಿಂದ ಉಪ್ಪು ಖಾರ ಹಚ್ಚಿದ ಸೀಬೆಕಾಯಿ, ಚುರುಮುರಿ ಬಂತು. ಆಮೇಲೆ ಹತ್ತಿರದ ನಜರ್‌ಬಾದಿನಲ್ಲಿ ರಾಮ್ಸನ್ಸ್‌ನವರು ದಸರೆಗೆ ನಡೆಸುವ ಬೊಂಬೆ ಮನೆಗೆ ಹೋದೆವು. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಮನೆಗೆ ಬರಬೇಕೆಂಬ ರೂಢಿ ಇದೆಯಲ್ಲ, ಅದಕ್ಕೆ. ನಾನು ನೋಡಿದ್ದು ಮಣ್ಣಿನ ದಶಾವತಾರದ ಸೆಟ್ಟು. ಪುಟ್ಟಿ ಕೇಳಿದ್ದು ಜಿರಾಫೆ, ಅದೂ ನಾಲಿಗೆ ಹೊರಗಿರುವ ಜಿರಾಫೆ. ಅಂಥದ್ದು ಸಿಗಲಿಲ್ಲ. ಬರಿಯ ಜಿರಾಫೆಯನ್ನೇ ಕೊಂಡು ತಂದೆವು.

ಮನೆಗೆ ಬಂದು ಕೈಕಾಲು ತೊಳೆದದ್ದೇ ಮಕ್ಕಳು ಕೆಳಗಿನ ಮೂಲೆಯ ಜೂವನ್ನು ಪೂರ್ತಿ ಕಿತ್ತರು. ಹುಲಿಯ ಪಕ್ಕ ಜಿಂಕೆ ಇರಬಾರದು ಎಂದ ದೊಡ್ಡವನು. ಹುಲಿಗೂ ನೋಡುವವರಿಗೂ ನಡುವೆ ಕಂದಕ ಬೇಕು ಎಂದು ತಾತನ ಕೈಯಲ್ಲಿ ಮಣ್ಣು ತೋಡಿಸಿ, ಅಡುಗೆಮನೆಯ ಫಾಯಿಲ್ ಹಾಸಿ ನೀರು ಮಾಡಿದ. ಆರನೆಯ ಕ್ಲಾಸಿನವಳು ರಟ್ಟು ಕತ್ತರಿಸಿ ಫಲಕ ಬರೆದಳು. ಅವಳಮ್ಮ ಕಪ್ಪು ಉಣ್ಣೆಯಲ್ಲಿ ಎರಡು ಗೊರಿಲ್ಲಾ ಸುತ್ತಿಕೊಟ್ಟಳು. ಹೊಸ ಜಿರಾಫೆಗೆ ಸೊಸೆ ನೇರಳೆ ಬಣ್ಣದ ದಾರದ ನಾಲಿಗೆ ಅಂಟಿಸಿದಳು. ಎತ್ತರವಾಗಿ ಬೆಳೆದಿದ್ದ ರಾಗಿಯ ತಟ್ಟೆಯನ್ನು ಪುಟ್ಟಿ ತಾನೇ ಎಳೆದುಕೊಂಡು ಬಂದು ಅದರ ಮುಂದಿಟ್ಟಳು.

ಸಂಜೆ ಎದುರು ಮನೆಯವರು ಅರಿಶಿನ ಕುಂಕುಮಕ್ಕೆ ಬಂದರು. ಇನ್ನೂ ನಾಲ್ಕು ಮನೆಗೆ ಹೋಗಬೇಕು ಎಂದು ನಿಂತೇ ಕೈ ಮುಗಿದರು. ಪುಟ್ಟಿ ಅವರ ಸೆರಗು ಹಿಡಿದುಕೊಂಡಳು. "ಆಂಟಿ, ಕೂತ್ಕೊಂಡು ನೋಡಬೇಕು. ನಿಂತ್ಕೊಂಡ್ರೆ ಜಿರಾಫೆ ತಿನ್ನೋದು ಕಾಣಲ್ಲ" ಎಂದಳು. ಅವರು ನಕ್ಕು, ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತರು. ಅವಳು ಒಂದೊಂದಾಗಿ ತೋರಿಸಲು ಶುರುಮಾಡಿದಳು. ಬಾಗಿನದ ಕೊಡುಬಳೆ, ಕೊಬ್ಬರಿ ಮಿಠಾಯಿ ತಟ್ಟೆಗೆ ಹಾಕಿಕೊಂಡು ಬಂದ ನಾನು ಅವರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತೆ. ಇನ್ನೂ ಜೀಬ್ರಾದ ಸರದಿ ನಡೆಯುತ್ತಿತ್ತು.